ಮಣ್ಣುದಾರಿಯ ಮೌಂಟನ್ ಬೈಕ್: ಸದ್ದು, ಜಾರುವಿಕೆ, ಅಲ್ಲಾಟ ಕಂಡಾಗ ಎಲ್ಲಿಂದ ಹುಡುಕಬೇಕು

ಹೊಲದ ಅಂಚಿನ ಗಾಡಿಜಾಡು, ಹುಲ್ಲುಗಾವಲಿನ ಕಾಲುದಾರಿ, ಸಣ್ಣ ಜಲ್ಲಿಯ ಏರಿಳಿತ. ಇಂಥ ಸೌಮ್ಯ ದಾರಿಯಲ್ಲಿ ಸೈಕಲ್ ಒಮ್ಮೆಲೇ ಮುರಿಯುವುದು ಅಪರೂಪ. ಕೆಡುವುದೆಲ್ಲ ನಿಧಾನವಾಗಿ: ಧೂಳು ಒಳಗೆ ಸೇರುತ್ತದೆ, ನಡುಕಕ್ಕೆ ಬೋಲ್ಟು ಸಡಿಲಾಗುತ್ತದೆ, ಗಾಳಿ ಇಳಿಯುತ್ತದೆ, ಚೈನು ಒಣಗುತ್ತದೆ. ಆದ್ದರಿಂದ ಇಲ್ಲಿ ಬರುವ ದೋಷಗಳಲ್ಲಿ ಹೆಚ್ಚಿನವು ಒಂದು ಪಂಪು, ಒಂದು ಬಟ್ಟೆ, ಚೈನ್ ಎಣ್ಣೆ, ಅಲೆನ್ ಕೀ ಸೆಟ್ಟು ಇಷ್ಟರಲ್ಲೇ ಸರಿಹೋಗುತ್ತವೆ. ಹೊಸ ಬಿಡಿಭಾಗ ಕೊಳ್ಳುವ ಯೋಚನೆ ಇವೆಲ್ಲ ಮುಗಿದ ಮೇಲೆ ಬರಲಿ.

ಕೈ ಹಾಕುವ ಮುಂಚೆ ಎರಡು ಮಾತು. ಲಕ್ಷಣ ಯಾವಾಗ ಕಾಣಿಸುತ್ತದೆ ಎಂದು ಮೊದಲು ಗಮನಿಸಿ: ಪೆಡಲ್ ತುಳಿಯುವಾಗಲೋ, ಸುಮ್ಮನೆ ಉರುಳುವಾಗಲೋ, ಬ್ರೇಕ್ ಹಿಡಿದಾಗಲೋ, ಸೀಟಿನಿಂದ ಎದ್ದಾಗಲೋ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಆಮೇಲೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಸ್ವಲ್ಪ ದೂರ ಓಡಿಸಿ ನೋಡಿ. ಮೂರು ಕಡೆ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಎಂಬುದೇ ತಿಳಿಯುವುದಿಲ್ಲ.

ಎಚ್ಚರಿಕೆ: ತಿರುಗುವ ಬ್ರೇಕ್ ಡಿಸ್ಕಿಗೂ ಓಡುವ ಚೈನಿಗೂ ಬೆರಳು ತಾಗಿಸಬೇಡಿ. ತಿರುಗುತ್ತಿರುವ ಡಿಸ್ಕಿನ ತೂತಿಗೆ ಸಿಕ್ಕಿದ ಬೆರಳು ತುಂಡಾಗಬಹುದು. ಇಳಿಜಾರು ಇಳಿದ ಕೂಡಲೇ ಡಿಸ್ಕ್ ಮುಟ್ಟಿದರೆ ಕೈ ಸುಡುತ್ತದೆ.

ಸೈಕಲ್ ಪುಟಿಯುತ್ತದೆ, ಜಾರುತ್ತದೆ, ಇಲ್ಲವೇ ಭಾರವಾಗಿ ಎಳೆಯುತ್ತದೆ

ಮೊದಲು ಗಾಳಿ ನೋಡಿ. ಸಣ್ಣ ಕಲ್ಲಿಗೂ ಚಕ್ರ ಚೆಂಡಿನಂತೆ ಪುಟಿದು, ಸಡಿಲ ಜಲ್ಲಿಯಲ್ಲಿ ಮುಂದಿನ ಚಕ್ರ ಜಾರಿದರೆ ಗಾಳಿ ಹೆಚ್ಚಾಗಿದೆ. ತಿರುವಿನಲ್ಲಿ ಟೈರು ಹೊಯ್ದಾಡಿ, ಬೇರು ದಾಟುವಾಗ ರಿಮ್ಮು 'ಠಣ್' ಎಂದು ಬಡಿದರೆ ಕಡಿಮೆಯಾಗಿದೆ.

60ರಿಂದ 80 ಕಿಲೋ ತೂಕದ ಸವಾರರಿಗೆ, 2.2ರಿಂದ 2.4 ಇಂಚಿನ ಟೈರಿಗೆ, ಟ್ಯೂಬ್ ಇದ್ದರೆ ಗಾಳಿಯ ಒತ್ತಡ ಮುಂದೆ 26–30, ಹಿಂದೆ 28–33 ಪಿಎಸ್‌ಐ ಒಳ್ಳೆಯ ಆರಂಭ. ಟ್ಯೂಬ್‌ಲೆಸ್ ಆದರೆ ಮುಂದೆ 19–22, ಹಿಂದೆ 22–25 ಸಾಕು. ಅಲ್ಲಿಂದ 2 ಪಿಎಸ್‌ಐನಂತೆ ಏರಿಸಿ ಇಳಿಸಿ, ನಿಮ್ಮ ತೂಕಕ್ಕೆ ಹೊಂದುವುದನ್ನು ಕಂಡುಕೊಳ್ಳಿ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಮಿತಿಯನ್ನು ಮೀರಬಾರದು. ರಿಮ್ಮಿಗೆ ಬೇರೆ ಮಿತಿ ಕೊಟ್ಟಿದ್ದರೆ ಎರಡರಲ್ಲಿ ಕಡಿಮೆ ಇರುವುದೇ ಲೆಕ್ಕಕ್ಕೆ. ಒಂದು ಪಂಪಿನ ಮುಳ್ಳು ತೋರಿಸಿದ್ದನ್ನು ಇನ್ನೊಂದು ತೋರಿಸುವುದಿಲ್ಲ, ಹಾಗಾಗಿ ಯಾವಾಗಲೂ ಒಂದೇ ಗೇಜ್ ಬಳಸಿ.

ಗಾಳಿ ಸರಿಯಿದ್ದೂ ಸೈಕಲ್ ಎಳೆಯುವಂತಿದ್ದರೆ ಚಕ್ರ ನೆಲದಿಂದ ಎತ್ತಿ ತಿರುಗಿಸಿ. ಬೇಗ ನಿಂತರೆ ಬ್ರೇಕ್ ಉಜ್ಜುತ್ತಿದೆ ಅಥವಾ ಬೇರಿಂಗ್ ಬಿಗಿಯಾಗಿದೆ.

ಗಾಳಿ ಮತ್ತೆ ಮತ್ತೆ ಇಳಿಯುತ್ತದೆ

ಟ್ಯೂಬ್ ಬದಲಿಸಿ ಹೊರಟು, ಅರ್ಧ ಗಂಟೆಯಲ್ಲಿ ಮತ್ತೆ ಪಂಕ್ಚರ್ ಆದರೆ ಕಾರಣ ಟೈರಿನೊಳಗೇ ಉಳಿದಿದೆ ಎಂದರ್ಥ. ಟ್ಯೂಬ್ ತೆಗೆಯುವಾಗಲೇ ಅದು ಟೈರಿನಲ್ಲಿ ಯಾವ ದಿಕ್ಕಿಗೆ ಕೂತಿತ್ತು ಎಂದು ನೆನಪಿಟ್ಟುಕೊಳ್ಳಿ. ತೂತು ಸಿಕ್ಕ ಮೇಲೆ ವಾಲ್ವನ್ನು ಗುರುತಾಗಿಟ್ಟುಕೊಂಡು ಟ್ಯೂಬನ್ನು ಟೈರಿನ ಮೇಲೆ ಹಾಸಿ: ತೂತು ವಾಲ್ವಿನಿಂದ ಒಂದು ಗೇಣು ದೂರವಿದ್ದರೆ ಟೈರಿನಲ್ಲೂ ಅಷ್ಟೇ ದೂರದಲ್ಲಿ ಹುಡುಕಬೇಕು. ಮುಳ್ಳಿನ ತುದಿ ರಬ್ಬರಿನೊಳಗೆ ಹುದುಗಿದ್ದರೆ ಹೊರಗಿನಿಂದ ಕರಿ ಚುಕ್ಕೆಯಷ್ಟೇ ಕಾಣುತ್ತದೆ. ಒಳಗಿನಿಂದ ಬಟ್ಟೆ ಸವರಿದರೆ ಎಳೆ ಸಿಕ್ಕಿಕೊಳ್ಳುವ ಜಾಗವೇ ಅದು. ಬರಿಗೈಯಲ್ಲಿ ಸವರಬೇಡಿ, ಗಾಜಿನ ಚೂರೂ ಇರಬಹುದು.

ತೂತಿನ ಆಕಾರವೇ ಕಾರಣ ಹೇಳುತ್ತದೆ. ಹೊರಮೈಯಲ್ಲಿ ಒಂದೇ ಸೂಜಿಮೊನೆಯ ತೂತಾದರೆ ಮುಳ್ಳು. ಅಕ್ಕಪಕ್ಕ ಎರಡು ಸೀಳಾದರೆ ಗಾಳಿ ಕಡಿಮೆಯಿದ್ದು ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿದೆ. ಪ್ಯಾಚ್ ಹಾಕುವುದರ ಜೊತೆಗೆ ಗಾಳಿಯನ್ನೂ 3–4 ಪಿಎಸ್‌ಐ ಏರಿಸಿ. ರಿಮ್ಮಿನ ಕಡೆ, ಅಂದರೆ ಒಳಮೈಯಲ್ಲಿ ತೂತಿದ್ದರೆ ರಿಮ್ಮಿಗೆ ಒಳಗೆ ಸುತ್ತಿರುವ ರಿಮ್ ಟೇಪ್ ಸರಿದು ಚಕ್ರದ ಕಡ್ಡಿಯ ತೂತು ಬಾಯಿಬಿಟ್ಟಿದೆ. ವಾಲ್ವಿನ ಬುಡದಲ್ಲಿ ಹರಿದಿದ್ದರೆ ಪ್ಯಾಚ್ ನಿಲ್ಲುವುದಿಲ್ಲ, ಟ್ಯೂಬ್ ಬದಲಿಸಿ.

ಪ್ಯಾಚ್ ಕಿತ್ತುಬರುವುದಕ್ಕೆ ಮುಖ್ಯ ಕಾರಣ ಆತುರ. ತೂತಿನ ಸುತ್ತ ಪ್ಯಾಚಿಗಿಂತ ದೊಡ್ಡ ಜಾಗವನ್ನು ಉಪ್ಪುಕಾಗದದಿಂದ ಹೊಳಪು ಹೋಗುವವರೆಗೆ ಉಜ್ಜಿ. ಸೊಲ್ಯೂಷನ್ ತೆಳ್ಳಗೆ ಹಚ್ಚಿ, ಸುಮಾರು ಐದು ನಿಮಿಷ ಕಾಯಿರಿ. ಹಸಿ ಹೊಳಪು ಮಾಯವಾಗಿ ಮಬ್ಬಾದ ಮೇಲೆ ಪ್ಯಾಚ್ ಒತ್ತಿ. ಹಸಿಯಾಗಿರುವಾಗಲೇ ಅಂಟಿಸಿದ್ದು ನಿಲ್ಲುವುದಿಲ್ಲ.

ತೂತೇ ಸಿಗದಿದ್ದರೆ ವಾಲ್ವಿಗೆ ಸೋಪುನೀರು ಹಚ್ಚಿ ನೋಡಿ. ಗುಳ್ಳೆ ಬಂದರೆ ಒಳಗಿನ ಪಿನ್ನು ಸಡಿಲವಾಗಿದೆ. ಟ್ಯೂಬ್‌ಲೆಸ್ ಟೈರಿನಲ್ಲಿ ನಿಧಾನವಾಗಿ ಗಾಳಿ ಇಳಿದರೆ ತೂತು ಮುಚ್ಚಲೆಂದು ಒಳಗೆ ಹಾಕಿರುವ ದ್ರವ, ಸೀಲೆಂಟ್, ಒಣಗಿರುವ ಸಾಧ್ಯತೆ ಹೆಚ್ಚು. ಎರಡರಿಂದ ಆರು ತಿಂಗಳಲ್ಲಿ ಅದು ಒಣಗುತ್ತದೆ, ಸೆಕೆಯಲ್ಲಿ ಇನ್ನೂ ಬೇಗ. ಚಕ್ರ ಅಲ್ಲಾಡಿಸಿದಾಗ ಒಳಗೆ ದ್ರವದ ಸದ್ದು ಕೇಳದಿದ್ದರೆ ಟೈರೊಂದಕ್ಕೆ 60ರಿಂದ 100 ಮಿ.ಲೀ. ಹಾಕಿ. ಟೈರಿನ ಪಕ್ಕ ಸೀಳಿ ನೂಲು ಕಾಣುತ್ತಿದ್ದರೆ ಸೀಲೆಂಟ್ ಅದನ್ನು ಮುಚ್ಚದು. ಟೈರು ಬದಲಿಸುವವರೆಗೆ ಸವಾರಿ ಬೇಡ.

ತುಳಿದಾಗ ಚೈನು ಜಾರುತ್ತದೆ, ಗೇರು ತಾನಾಗಿ ಬದಲಾಗುತ್ತದೆ

ಜನ ಅತಿ ಹೆಚ್ಚು ದುಡ್ಡು ಹಾಳು ಮಾಡಿಕೊಳ್ಳುವುದು ಇಲ್ಲೇ. ಕಾರಣ ಐದಾರಿವೆ, ಲಕ್ಷಣ ಹೆಚ್ಚುಕಮ್ಮಿ ಒಂದೇ. ಆದ್ದರಿಂದ ಈ ಕ್ರಮ ತಪ್ಪಿಸಬೇಡಿ.

ಮೊದಲು ಚೈನ್ ಒರೆಸಿ. ಧೂಳು ದಾರಿಯಲ್ಲಿ ಎಣ್ಣೆ ಮತ್ತು ಮಣ್ಣು ಸೇರಿ ಅರೆಯುವ ಹಿಟ್ಟಿನಂತಾಗಿ ಚೈನನ್ನೇ ತಿನ್ನುತ್ತದೆ. ಬಟ್ಟೆಯಲ್ಲಿ ಹಿಡಿದು ಪೆಡಲನ್ನು ಹಿಂದಕ್ಕೆ ತಿರುಗಿಸಿ, ಕಪ್ಪು ಬರುವುದು ಕಡಿಮೆಯಾಗುವವರೆಗೆ ಒರೆಸಿ. ಪ್ರತಿ ಕೊಂಡಿಯ ಉರುಳೆಗೆ ಒಂದೊಂದು ಹನಿ ಎಣ್ಣೆ ಬಿಟ್ಟು, ಒಳಗಿಳಿಯಲು ಕೆಲವು ನಿಮಿಷ ಕೊಟ್ಟು, ಹೊರಗೆ ಉಳಿದದ್ದನ್ನು ಪೂರ್ತಿ ಒರೆಸಿಬಿಡಿ. ಎಣ್ಣೆ ಕೆಲಸ ಮಾಡುವುದು ಉರುಳೆಯ ಒಳಗೆ. ಹೊರಗಿನ ಹೊಳಪು ಧೂಳನ್ನು ಕರೆಯುತ್ತದೆ ಅಷ್ಟೆ. ಮೇಣದ ಲೂಬ್ರಿಕೆಂಟ್ ಆದರೆ ಒಣಗಲು ಕೆಲವು ಗಂಟೆ ಬೇಕು, ಹಿಂದಿನ ರಾತ್ರಿಯೇ ಹಾಕಿಡಿ.

ಆಮೇಲೆ ಪೆಡಲನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸುತ್ತ ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಡಿರೇಲರಿನ ಎರಡು ಸಣ್ಣ ಗಾಲಿಗಳನ್ನೇ ನೋಡಿ. ಪ್ರತಿ ಸಲ ಅದೇ ಕೊಂಡಿ ಬಂದಾಗ ಡಿರೇಲರ್ ಜಿಗಿದರೆ ಆ ಕೊಂಡಿ ಮಡಚುತ್ತಿಲ್ಲ. ಎಣ್ಣೆ ಬಿಟ್ಟು, ಎರಡೂ ಕೈಯ ಹೆಬ್ಬೆರಳಿನಿಂದ ಅದನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ಬಾಗಿಸಿದರೆ ಸಡಿಲಾಗುತ್ತದೆ.

ಮೂರನೆಯದು ಕೇಬಲ್. ದೊಡ್ಡ ಹಲ್ಲುಚಕ್ರಕ್ಕೆ ಏರಲು ಚೈನು ತಡಮಾಡಿದರೆ ಕೇಬಲ್ ಸಡಿಲ: ಕೇಬಲ್ ಬಿಗಿಮಾಡುವ ತಿರುಗಣೆಯಾದ ಬ್ಯಾರೆಲ್ ಅಡ್ಜಸ್ಟರನ್ನು ಗಡಿಯಾರದ ವಿರುದ್ಧ ದಿಕ್ಕಿಗೆ ಕಾಲು ಸುತ್ತಿನಂತೆ ತಿರುಗಿಸಿ. ಸಣ್ಣದಕ್ಕೆ ಇಳಿಯಲು ತಡಮಾಡಿದರೆ ಗಡಿಯಾರದ ದಿಕ್ಕಿಗೆ. ಏರುವುದನ್ನು ಸರಿಮಾಡಿದರೆ ಇಳಿಯುವುದು ಕೆಡುತ್ತದೆ, ಇಳಿಯುವುದನ್ನು ಸರಿಮಾಡಿದರೆ ಏರುವುದು ಕೆಡುತ್ತದೆ ಎಂದಾದರೆ ಇನ್ನು ತಿರುಗಿಸಿ ಫಲವಿಲ್ಲ. ಕೇಬಲಿನ ಕವಚದೊಳಗೆ ಮಣ್ಣೋ ತುಕ್ಕೋ ಸೇರಿದೆ. ಕೇಬಲ್ ಮತ್ತು ಕವಚ ಎರಡನ್ನೂ ಬದಲಿಸಿ. ಡಿರೇಲರಿನ ಎಚ್, ಎಲ್ ಎಂದು ಗುರುತಿರುವ ತಿರುಪುಗಳಿಗೆ ಮಾತ್ರ ಕೈ ಹಾಕಬೇಡಿ. ಚೈನು ಎಷ್ಟು ಹೊರಗೆ, ಎಷ್ಟು ಒಳಗೆ ಹೋಗಬಹುದು ಎಂಬ ಗಡಿ ಅವು. ಒಮ್ಮೆ ಹೊಂದಿಸಿದವು ತಾವಾಗಿ ಬದಲಾಗುವುದು ಬಹಳ ಕಡಿಮೆ.

ಇಷ್ಟಕ್ಕೂ ಸರಿಹೋಗದೆ, ಸೈಕಲ್ ಈಚೆಗೆ ಬಲಮಗ್ಗುಲಿಗೆ ಬಿದ್ದಿದ್ದರೆ ಹ್ಯಾಂಗರ್ ನೋಡಿ. ಡಿರೇಲರನ್ನು ಫ್ರೇಮಿಗೆ ಸೇರಿಸುವ ಚಿಕ್ಕ ತುಂಡು ಅದು. ಪೆಟ್ಟು ಬಿದ್ದಾಗ ಫ್ರೇಮಿನ ಬದಲು ತಾನು ಬಾಗಲಿ ಎಂದೇ ಮೆತ್ತಗಿನ ಅಲ್ಯೂಮಿನಿಯಮ್ಮಿನಲ್ಲಿ ಮಾಡಿರುತ್ತಾರೆ. ಸೈಕಲ್ಲಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ನೋಡಿ. ಮೇಲಿನ ಗಾಲಿ, ಕೆಳಗಿನ ಗಾಲಿ, ಅವುಗಳ ಮೇಲಿರುವ ಹಲ್ಲುಚಕ್ರ ಮೂರೂ ಒಂದೇ ಗೆರೆಯಲ್ಲಿ ನಿಲ್ಲಬೇಕು. ಕೆಳಗಿನ ಗಾಲಿ ಚಕ್ರದ ಕಡೆ ವಾಲಿದ್ದರೆ ಹ್ಯಾಂಗರ್ ಬಾಗಿದೆ. ಇದನ್ನು ನೆಟ್ಟಗೆ ಮಾಡಲು ಬೇರೆಯೇ ಸಾಧನವಿದೆ. ಡಿರೇಲರ್ ಹಿಡಿದು ಎಳೆದರೆ ಹ್ಯಾಂಗರ್ ಮುರಿಯುವುದೂ ಉಂಟು. ಅಲ್ಲಿಯವರೆಗೆ ಅತಿ ದೊಡ್ಡ ಹಲ್ಲುಚಕ್ರಕ್ಕೆ ಹೋಗಲೇಬೇಡಿ. ಡಿರೇಲರ್ ಕಡ್ಡಿಗಳೊಳಗೆ ಸಿಕ್ಕರೆ ಚಕ್ರ, ಡಿರೇಲರ್, ಕೆಲವೊಮ್ಮೆ ಫ್ರೇಮು ಎಲ್ಲವೂ ಒಂದೇ ಏಟಿಗೆ ಹೋಗುತ್ತವೆ.

ಕೊನೆಗೆ ಚೈನಿನ ಸವೆತ ಅಳೆಯಿರಿ. ಇಂಚಿನ ಅಳತೆಪಟ್ಟಿಯ ಸೊನ್ನೆಗೆ ಒಂದು ಪಿನ್ನಿನ ನಡುಬಿಂದು ಹಿಡಿದರೆ, ಹೊಸ ಚೈನಿನಲ್ಲಿ 12ನೇ ಇಂಚಿಗೆ ಸರಿಯಾಗಿ ಇನ್ನೊಂದು ಪಿನ್ನು ಬೀಳುತ್ತದೆ. ಅದು ಒಂದೂವರೆ ಮಿ.ಮೀ. ಮುಂದೆ ಹೋಗಿದ್ದರೆ ಸವೆತ ಶೇ. 0.5ರಷ್ಟು. 11 ಮತ್ತು 12 ಸ್ಪೀಡ್ (ಹಿಂದೆ ಅಷ್ಟು ಹಲ್ಲುಚಕ್ರವಿರುವ) ಚೈನಿಗೆ ಇದೇ ಬದಲಿಸುವ ಹೊತ್ತು. 10 ಅಥವಾ ಅದಕ್ಕಿಂತ ಕಡಿಮೆ ಸ್ಪೀಡಿನದಾದರೆ ಶೇ. 0.75ರವರೆಗೆ ಓಡಿಸಬಹುದು. 3 ಮಿ.ಮೀ. ಮುಂದೆ ಹೋಗಿದ್ದರೆ ಹಿಂದಿನ ಹಲ್ಲುಚಕ್ರಗಳ ಗುಂಪಾದ ಕ್ಯಾಸೆಟ್ಟೂ ಬಹುತೇಕ ಸವೆದಿರುತ್ತದೆ. ಹೊಸ ಚೈನು ಹಾಕಿದ ಮೇಲೆ, ನೀವು ಹೆಚ್ಚು ಬಳಸುವ ಒಂದೆರಡು ಗೇರಿನಲ್ಲಿ ಮಾತ್ರ ಜಾರಿದರೆ ತಪ್ಪು ಚೈನಿನದಲ್ಲ, ಆ ಹಲ್ಲುಗಳದ್ದು.

ಪೆಡಲ್ ತುಳಿದರೂ ಚಕ್ರ ಎಳೆಯದೆ ಪೆಡಲ್ ಬರಿದೇ ಸುತ್ತಿದರೆ ವಿಷಯ ಬೇರೆ. ಹಿಂದಿನ ಚಕ್ರದ ನಡುವಿನ ಹಬ್ಬಿನೊಳಗಿನ ಕೊಕ್ಕೆಗಳು ಮಣ್ಣಿಗೋ ಹಳೆ ಗ್ರೀಸಿಗೋ ಅಂಟಿಕೊಂಡಿವೆ. ಎದ್ದು ನಿಂತು ತುಳಿಯುವಾಗ ಹೀಗಾದರೆ ಎದೆ ಹ್ಯಾಂಡಲಿಗೆ ಬಡಿಯುತ್ತದೆ. ಇಳಿದು ತಳ್ಳಿಕೊಂಡು ಹೋಗಿ.

ಬ್ರೇಕ್ ಕಿರುಚುತ್ತದೆ, ಹಿಡಿಯುವುದಿಲ್ಲ, ಉಜ್ಜುತ್ತದೆ

ಡಿಸ್ಕ್ ಒದ್ದೆಯಾದಾಗ ಮೊದಲ ಮೂರ್ನಾಲ್ಕು ಸಲ ಕಿರುಚುವುದು ಸಹಜ. ಒಣ ದಾರಿಯಲ್ಲೂ ಕಿರುಚುತ್ತ, ಹಿಡಿತವೂ ಕಡಿಮೆಯಾಗಿದ್ದರೆ ಡಿಸ್ಕಿಗೆ ಎಣ್ಣೆ ತಗುಲಿದೆ. ಹೆಚ್ಚಾಗಿ ಇದು ನಾವೇ ಚೈನಿಗೆ ಸ್ಪ್ರೇ ಹೊಡೆಯುವಾಗ ಹಾರಿದ ಎಣ್ಣೆ, ಇಲ್ಲವೇ ಬೆರಳಿನ ಜಿಡ್ಡು. ಶುದ್ಧ ಬಟ್ಟೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಡಿಸ್ಕ್ ಒರೆಸಿ. ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ತೆಗೆದು ಸಮತಟ್ಟಾದ ಉಪ್ಪುಕಾಗದದ ಮೇಲೆ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ. ಹಾರುವ ಪುಡಿ ಉಸಿರಿಗೆ ಹೋಗದಂತೆ ಮೂಗು ಮುಚ್ಚಿಕೊಳ್ಳಿ. ಆದರೂ ಕಿರುಚಿದರೆ ಪ್ಯಾಡ್ ಎಣ್ಣೆ ಹೀರಿಕೊಂಡಿದೆ, ಬದಲಿಸಿ. ಒಲೆಯ ಮೇಲೆ ಸುಟ್ಟು ಎಣ್ಣೆ ತೆಗೆಯುವ ಉಪಾಯ ಕೇಳಿರಬಹುದು. ಅದರ ಹೊಗೆ ಕೆಟ್ಟದ್ದು, ಹಿಡಿತವೂ ನಂಬುವಂತಿರುವುದಿಲ್ಲ.

ಹೊಸ ಪ್ಯಾಡ್ ಹಾಕಿದ ದಿನವೇ ಹಿಡಿತ ಬರುವುದಿಲ್ಲ. ಸಮತಟ್ಟಾದ ಖಾಲಿ ಜಾಗದಲ್ಲಿ ಗಂಟೆಗೆ ಸುಮಾರು 20 ಕಿ.ಮೀ. ವೇಗದಿಂದ ನಡಿಗೆಯ ವೇಗಕ್ಕೆ ಇಳಿಸಿ. ಹೀಗೆ ಒಂದೊಂದು ಬ್ರೇಕಿಗೂ 15–20 ಸಲ, ಚಕ್ರ ಪೂರ್ತಿ ನಿಲ್ಲಿಸದೆ.

ಉಜ್ಜುವ ಸದ್ದಿನಲ್ಲಿ ಎರಡು ಬಗೆ. ಸುತ್ತಿಗೊಮ್ಮೆ 'ಚಿಂಯ್' ಎಂದರೆ ಡಿಸ್ಕ್ ಒಂದು ಕಡೆ ಬಾಗಿದೆ. ಬಿಡದೆ ಉಜ್ಜುತ್ತಿದ್ದರೆ ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರ್ ನಡುವಿನಿಂದ ಸರಿದಿದೆ, ಅಥವಾ ಚಕ್ರವೇ ಸರಿಯಾಗಿ ಕೂತಿಲ್ಲ. ಚಕ್ರದ್ದನ್ನೇ ಮೊದಲು ನೋಡಿ: ಸೈಕಲನ್ನು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ, ಆಕ್ಸಲ್ (ಚಕ್ರದ ಅಚ್ಚು) ಸಡಿಲಿಸಿ, ಸೀಟಿನ ಮೇಲೆ ಒತ್ತಿ ಮತ್ತೆ ಬಿಗಿ ಮಾಡಿ. ಎಷ್ಟೋ ಸಲ ಇಷ್ಟಕ್ಕೇ ಮುಗಿಯುತ್ತದೆ. ಇಲ್ಲದಿದ್ದರೆ ಕ್ಯಾಲಿಪರಿನ ಎರಡು ಬೋಲ್ಟು ಸಡಿಲಿಸಿ, ಬ್ರೇಕ್ ಗಟ್ಟಿಯಾಗಿ ಹಿಡಿದುಕೊಂಡೇ ಎರಡನ್ನೂ ಸ್ವಲ್ಪ ಸ್ವಲ್ಪವಾಗಿ 6–8 ನ್ಯೂಟನ್-ಮೀಟರಿಗೆ (ಬಿಗಿತದ ಅಳತೆ) ಬಿಗಿ ಮಾಡಿ.

ಲಿವರ್ ಹ್ಯಾಂಡಲಿನವರೆಗೂ ಬಂದರೆ ಮೇಲಿನಿಂದ ಕ್ಯಾಲಿಪರಿನೊಳಗೆ ಇಣುಕಿ. ಪ್ಯಾಡಿನ ಉಜ್ಜುವ ಪದರ 1 ಮಿ.ಮೀ.ಗಿಂತ ತೆಳ್ಳಗಾಗಿದ್ದರೆ ಹೊಸದು ಹಾಕಿ. ಪದರ ಮುಗಿದು ಲೋಹಕ್ಕೆ ಲೋಹ ತಾಗಿದರೆ ಡಿಸ್ಕೂ ಹಾಳು. ಪ್ಯಾಡ್ ದಪ್ಪವಿದ್ದು ಲಿವರ್ ಸ್ಪಂಜಿನಂತೆ ಮೆತ್ತಗಿದ್ದರೆ ಹೈಡ್ರಾಲಿಕ್ ಕೊಳವೆಯಲ್ಲಿ ಗಾಳಿ ಸೇರಿದೆ. ಸೈಕಲನ್ನು ಈಗಷ್ಟೇ ತಲೆಕೆಳಗೆ ಮಾಡಿದ್ದರೆ ಕೆಲವು ನಿಮಿಷ ನೆಟ್ಟಗೆ ನಿಲ್ಲಿಸಿ, ಲಿವರನ್ನು ಹತ್ತಿಪ್ಪತ್ತು ಸಲ ಒತ್ತಿ; ಗಾಳಿ ಮೇಲಿನ ತೊಟ್ಟಿಗೆ ಮರಳಬಹುದು. ಮರಳದಿದ್ದರೆ ಬ್ಲೀಡ್ ಮಾಡಿಸಬೇಕು, ಅಂದರೆ ದ್ರವದೊಳಗಿನ ಗಾಳಿ ಹೊರತೆಗೆಸಬೇಕು. ಕೆಲವು ಬ್ರೇಕಿಗೆ ಮಿನರಲ್ ಎಣ್ಣೆ, ಕೆಲವಕ್ಕೆ ಡಾಟ್ (DOT) ಎಂಬ ಬ್ರೇಕ್ ದ್ರವ. ಒಂದರ ಜಾಗಕ್ಕೆ ಇನ್ನೊಂದು ಹಾಕಿದರೆ ಒಳಗಿನ ರಬ್ಬರ್ ಕೆಟ್ಟು ಬ್ರೇಕ್ ಪೂರ್ತಿ ಕೈಕೊಡುತ್ತದೆ. ಯಾವುದು ಎಂದು ಲಿವರಿನ ಮುಚ್ಚಳದ ಮೇಲೆ ಬರೆದಿರುತ್ತದೆ, ಅಥವಾ ತಯಾರಕರ ಕೈಪಿಡಿಯಲ್ಲಿರುತ್ತದೆ. ಚಕ್ರ ಬಿಚ್ಚಿರುವಾಗ ಲಿವರ್ ಒತ್ತಬೇಡಿ, ಪಿಸ್ಟನ್ ಹೊರಗೆ ಬರುತ್ತದೆ. ಪ್ಯಾಡುಗಳ ನಡುವೆ ಪ್ಲಾಸ್ಟಿಕ್ ತುಂಡೋ ಮಡಚಿದ ರಟ್ಟೋ ಇಟ್ಟಿರಿ.

ಮೆತ್ತಗಿನ ಲಿವರ್, ದ್ರವ ಸೋರುವುದು, ಬಿರುಕುಬಿಟ್ಟ ಡಿಸ್ಕ್: ಈ ಮೂರರಲ್ಲಿ ಯಾವುದು ಕಂಡರೂ ಸವಾರಿ ಅಲ್ಲಿಗೇ ನಿಲ್ಲಬೇಕು, ದಾರಿ ಎಷ್ಟೇ ಸಮತಟ್ಟಾಗಿರಲಿ.

ತುಳಿದಾಗೆಲ್ಲ 'ಕಿರ್‌ಕಿರ್'

ಫ್ರೇಮಿನ ಕೊಳವೆಗಳು ಸದ್ದನ್ನು ಎಲ್ಲಿಂದ ಎಲ್ಲಿಗೋ ಒಯ್ಯುತ್ತವೆ. ಕಾಲಿನ ಕೆಳಗೆ ಕೇಳಿದ ಸದ್ದು ಸೀಟಿನದಾಗಿರಬಹುದು. ಹಾಗಾಗಿ ಕಿವಿಯನ್ನು ನಂಬುವುದಕ್ಕಿಂತ ಪರೀಕ್ಷೆ ಮಾಡುವುದೇ ಮೇಲು.

ಎದ್ದು ನಿಂತು ತುಳಿಯಿರಿ. ಸದ್ದು ನಿಂತರೆ ಸೀಟು ಅಥವಾ ಸೀಟ್‌ಪೋಸ್ಟ್. ಅದನ್ನು ಹೊರತೆಗೆದು, ಒಳಗೂ ಹೊರಗೂ ಧೂಳು ಒರೆಸಿ, ತೆಳ್ಳಗೆ ಗ್ರೀಸ್ ಹಚ್ಚಿ ಹಾಕಿ. ಕಾರ್ಬನ್ ಆಗಿದ್ದರೆ ಗ್ರೀಸ್ ಬೇಡ, ಅದಕ್ಕೆಂದೇ ಇರುವ ಪೇಸ್ಟ್ ಬೇಕು. ತೆಗೆಯುವ ಮುಂಚೆ ಎತ್ತರಕ್ಕೆ ಟೇಪಿನ ಗುರುತು ಹಾಕಿಕೊಳ್ಳಿ.

ನಿಂತು ತುಳಿದರೂ ಸದ್ದಿದ್ದು, ತುಳಿಯುವುದನ್ನು ಬಿಟ್ಟು ಉರುಳಿದಾಗ ನಿಂತರೆ ಪೆಡಲ್, ಕ್ರ್ಯಾಂಕ್ (ಪೆಡಲಿನ ತೋಳು), ಬಾಟಮ್ ಬ್ರ್ಯಾಕೆಟ್ (ತೋಳುಗಳು ತಿರುಗುವ ಬೇರಿಂಗ್) ಕಡೆ ಹೋಗಿ. ಸುಲಭದ್ದು ಪೆಡಲ್: ಬಿಚ್ಚಿ, ಮರೆ (ತಿರುಪಿನ ಸುರುಳಿಗೆರೆ) ಒರೆಸಿ, ಗ್ರೀಸ್ ಹಚ್ಚಿ 35 ನ್ಯೂಟನ್-ಮೀಟರ್ ಸುಮಾರಿಗೆ ಬಿಗಿ ಮಾಡಿ. ಎಡ ಪೆಡಲಿನ ಮರೆ ಉಲ್ಟಾ. ಬಿಚ್ಚಲು ಗಡಿಯಾರದ ದಿಕ್ಕಿಗೇ ತಿರುಗಿಸಬೇಕು. ಇದು ಮರೆತು ಬಲ ಹಾಕಿ ಕ್ರ್ಯಾಂಕಿನ ಮರೆ ಕಿತ್ತವರು ಕಡಿಮೆಯಿಲ್ಲ. ಆಮೇಲೆ ಕ್ರ್ಯಾಂಕನ್ನು ಹಿಡಿದು ಫ್ರೇಮಿನ ಕಡೆಗೂ ಹೊರಗೂ ಅಲ್ಲಾಡಿಸಿ. ಒಂದೇ ತೋಳು ಅಲ್ಲಾಡಿದರೆ ಅದರ ಬೋಲ್ಟು ಸಡಿಲ, ಎರಡೂ ಒಟ್ಟಿಗೆ ಅಲ್ಲಾಡಿದರೆ ಬೇರಿಂಗ್ ಹೋಗಿದೆ. ಸಡಿಲ ತೋಳಿನಲ್ಲಿ ಓಡಿಸುತ್ತ ಹೋದರೆ ತೋಳಿನ ತೂತೇ ದೊಡ್ಡದಾಗುತ್ತದೆ, ಮತ್ತೆ ಬಿಗಿ ಮಾಡಿದರೂ ನಿಲ್ಲದು.

ಬಾಟಮ್ ಬ್ರ್ಯಾಕೆಟ್ ಬದಲಿಸುವ ಮುಂಚೆ ಹಿಂದಿನ ಆಕ್ಸಲನ್ನು ಹೊರತೆಗೆದು ಒರೆಸಿ, ಗ್ರೀಸ್ ಹಚ್ಚಿ ಹಾಕಿ ನೋಡಿ. ಒಣಗಿದ ಆಕ್ಸಲ್ ಥೇಟ್ ಬೇರಿಂಗಿನಂತೆಯೇ ಸದ್ದು ಮಾಡುತ್ತದೆ.

ಹ್ಯಾಂಡಲ್ ಟಕಟಕ ಎನ್ನುತ್ತದೆ

ಮುಂದಿನ ಬ್ರೇಕ್ ಹಿಡಿದು, ಇನ್ನೊಂದು ಕೈಯ ಬೆರಳನ್ನು ಫ್ರೇಮಿನ ಮುಂಭಾಗದ ಕೊಳವೆಯಾದ ಹೆಡ್‌ಟ್ಯೂಬ್ ಮತ್ತು ಮುಂದಿನ ಚಕ್ರ ಹಿಡಿದಿರುವ ಫೋರ್ಕು ಸೇರುವ ಸಂದಿಗೆ ಇಟ್ಟು, ಸೈಕಲನ್ನು ಹಿಂದೆ ಮುಂದೆ ತೂಗಿ. ಬೆರಳಿಗೆ ಕುಲುಕು ತಿಳಿದರೆ ಅಲ್ಲಿನ ಬೇರಿಂಗ್, ಅಂದರೆ ಹೆಡ್‌ಸೆಟ್ ಸಡಿಲ. ಹ್ಯಾಂಡಲ್ ಹಿಡಿದಿರುವ ಸ್ಟೆಮ್ಮಿನ ಪಕ್ಕದ ಬೋಲ್ಟುಗಳನ್ನು ಮೊದಲು ಸಡಿಲಿಸಿ, ಆಮೇಲೆ ಮೇಲ್ಮುಚ್ಚಳದ ಬೋಲ್ಟನ್ನು ಕಾಲು ಸುತ್ತಿನಂತೆ ಬಿಗಿ ಮಾಡಿ. ಕುಲುಕು ಹೋಗಿ ಹ್ಯಾಂಡಲ್ ಸರಾಗವಾಗಿ ತಿರುಗುವಲ್ಲಿ ನಿಲ್ಲಿಸಿ. ಕೊನೆಗೆ ಹ್ಯಾಂಡಲ್ ನೇರವಿದೆಯೇ ನೋಡಿ, ಪಕ್ಕದ ಬೋಲ್ಟುಗಳನ್ನು ಅವುಗಳ ಮೇಲೆ ಬರೆದಷ್ಟು, ಸಾಮಾನ್ಯವಾಗಿ 5–6 ನ್ಯೂಟನ್-ಮೀಟರ್, ಬಿಗಿ ಮಾಡಿ. ಪಕ್ಕದವನ್ನು ಸಡಿಲಿಸದೆ ಮುಚ್ಚಳವನ್ನೇ ತಿರುಗಿಸಿದರೆ ಪ್ರಯೋಜನವಿಲ್ಲ, ಮರೆ ಹೋಗುತ್ತದೆ.

ಸಂದಿಯಲ್ಲಿ ಕುಲುಕಿಲ್ಲದೆ ಫೋರ್ಕಿನ ಕಾಲುಗಳಲ್ಲೇ ಅಲ್ಲಾಟವಿದ್ದರೆ ಒಳಗಿನ ಬುಷ್ ಸವೆದಿದೆ. ಅದು ಮನೆಯ ಕೆಲಸವಲ್ಲ. ಫೋರ್ಕಿನ ಕೊಳವೆಯ ಮೇಲೆ ಎಣ್ಣೆಯ ತೆಳು ಪದರವಿದ್ದರೆ ಚಿಂತೆಯಿಲ್ಲ. ಹನಿಯಾಗಿ ಕೆಳಗಿಳಿದರೆ ಸೀಲ್ ಹೋಗಿದೆ, ಆ ಎಣ್ಣೆ ಡಿಸ್ಕಿಗೂ ತಲುಪುತ್ತದೆ. ಗಾಳಿ ತುಂಬುವ ಬಗೆಯ ಫೋರ್ಕಿಗೆ ಅದರದೇ ಶಾಕ್ ಪಂಪು ಬೇಕು. ನೀವು ಕೂತಾಗ ಫೋರ್ಕು ತನ್ನ ಚಲನೆಯ ಐದನೇ ಒಂದು ಭಾಗ, ಅಂದರೆ 120 ಮಿ.ಮೀ. ಫೋರ್ಕಾದರೆ ಸುಮಾರು 24 ಮಿ.ಮೀ. ಇಳಿಯುವಷ್ಟು ಗಾಳಿ ಇಂಥ ದಾರಿಗೆ ಹಿತ.

ಚಕ್ರ ಓಲಾಡುತ್ತದೆ

ಟೈರು ಹಿಡಿದು ಅಡ್ಡಡ್ಡ ಅಲ್ಲಾಡಿಸಿ. ಕುಲುಕಿದರೆ ಆಕ್ಸಲ್ ಸಡಿಲ ಅಥವಾ ಹಬ್ ಬೇರಿಂಗ್ ಸವೆದಿದೆ. ಕುಲುಕಿಲ್ಲದೆ ತಿರುಗಿಸಿದಾಗ ಮಾತ್ರ ಓಲಾಡಿದರೆ ಕಡ್ಡಿ ನೋಡಿ. ಕಡ್ಡಿಗಳನ್ನು ಎರಡೆರಡಾಗಿ ಹಿಂಡುತ್ತ ಬನ್ನಿ; ಸಡಿಲವಾದದ್ದು ಕೈಗೇ ಗೊತ್ತಾಗುತ್ತದೆ, ಬೆರಳಿನಿಂದ ಮೀಟಿದರೆ ಮಂದ ಸದ್ದು ಕೊಡುತ್ತದೆ. ರಿಮ್ಮು ಎಡಕ್ಕೆ ಓಲಿದ ಕಡೆ ಬಲಬದಿಯ ಕಡ್ಡಿಯನ್ನು ಕಾಲು ಸುತ್ತು ಬಿಗಿ ಮಾಡಿ, ತಿರುಗಿಸಿ ನೋಡಿ, ಮತ್ತೆ ಬೇಕಾದರೆ ಮತ್ತೆ ಕಾಲು ಸುತ್ತು. ಬಿಗಿಯುವ ದಿಕ್ಕನ್ನು ಟೈರಿನ ಕಡೆಯಿಂದ ನೋಡಿ ಲೆಕ್ಕ ಹಾಕಬೇಕು. ಹಬ್ಬಿನ ಕಡೆಯಿಂದ ನೋಡಿದರೆ ಉಲ್ಟಾ ಆಗುತ್ತದೆ. ಡಿಸ್ಕ್ ಬ್ರೇಕಿನ ಸೈಕಲ್ಲಿನಲ್ಲಿ ಒಂದೆರಡು ಮಿ.ಮೀ. ಓಲಾಟಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ದಾರಿಯಲ್ಲಿ ಕಡ್ಡಿ ಮುರಿದರೆ ತುಂಡನ್ನು ಪಕ್ಕದ ಕಡ್ಡಿಗೆ ಸುತ್ತಿ ನಿಧಾನವಾಗಿ ಮನೆ ಸೇರಿ. ಎರಡು ಮುರಿದಿದ್ದರೆ ತಳ್ಳಿಕೊಂಡು ಬನ್ನಿ. ಬೆಂಡು ತೆಗೆದ ಚಕ್ರದಲ್ಲಿ ಮತ್ತೆ ಮತ್ತೆ ಕಡ್ಡಿ ಮುರಿಯುತ್ತಿದ್ದರೆ ಎಲ್ಲ ಕಡ್ಡಿಗಳ ಬಿಗಿತವೂ ಏರುಪೇರಾಗಿದೆ, ಅನುಭವಿ ಮೆಕ್ಯಾನಿಕ್ಕಿಗೆ ಕೊಡಿ.

ಬಿದ್ದ ಮೇಲೆ

ಹ್ಯಾಂಡಲ್ ನೇರವಿದೆಯೇ, ಲಿವರ್ ಬಾಗಿದೆಯೇ, ಹ್ಯಾಂಗರ್ ಸರಿಯಿದೆಯೇ, ಎರಡೂ ಚಕ್ರ ಉಜ್ಜದೆ ತಿರುಗುತ್ತವೆಯೇ ಎಂದು ಹತ್ತುವ ಮುಂಚೆಯೇ ನೋಡಿ. ಮನೆಗೆ ಬಂದು ಫ್ರೇಮ್ ತೊಳೆದು ಒರೆಸಿ, ಟಾರ್ಚ್ ಹಿಡಿದು ಬೆಸುಗೆಯ ಅಂಚು, ಹೆಡ್‌ಟ್ಯೂಬಿನ ಕೆಳಭಾಗ, ಬಾಟಮ್ ಬ್ರ್ಯಾಕೆಟ್ಟಿನ ಸುತ್ತ, ಸೀಟ್‌ಪೋಸ್ಟ್ ಹೊಗುವ ಬಾಯಿ ಇಷ್ಟನ್ನು ಪರೀಕ್ಷಿಸಿ. ಗೀರಿಗೆ ಸಾಮಾನ್ಯವಾಗಿ ಅಗಲವಿರುತ್ತದೆ, ತಳ ಕಾಣುತ್ತದೆ. ಬಿರುಕು ಕೂದಲೆಳೆಯಂತೆ ಸಣ್ಣದು, ಅಂಕುಡೊಂಕು. ಬಟ್ಟೆ ಸವರಿ ಒರೆಸಿದರೂ ಅದರೊಳಗೆ ಕರಿ ಗೆರೆ ಉಳಿಯುತ್ತದೆ. ಸಂಶಯವಿದ್ದರೆ ಅದನ್ನು ಬಿರುಕೆಂದೇ ತಿಳಿದು ಸೈಕಲ್ ಬದಿಗಿಡಿ, ಫ್ರೇಮ್ ಬಲ್ಲವರಿಗೆ ತೋರಿಸಿ. ಕಾರ್ಬನ್ ಫ್ರೇಮು ಹೊರಗೆ ಏನೂ ಕಾಣದೆ ಒಳಗೆ ಪದರ ಬಿಟ್ಟಿರಬಹುದು. ನಾಣ್ಯದಿಂದ ಮೆಲ್ಲಗೆ ತಟ್ಟುತ್ತ ಹೋದಾಗ ಒಂದೇ ಜಾಗದಲ್ಲಿ ಸದ್ದು ಮಂದವಾದರೆ ಅದೂ ಸಂಶಯಕ್ಕೆ ಸಾಕು. ಹೆಲ್ಮೆಟ್ಟಿಗೆ ಜೋರು ಪೆಟ್ಟು ಬಿದ್ದಿದ್ದರೆ ಹೊರಚಿಪ್ಪು ಚೆನ್ನಾಗಿ ಕಂಡರೂ ಒಳಗಿನ ಫೋಮು ಕುಸಿದಿರುತ್ತದೆ. ಮುಂದಿನ ಸವಾರಿಗೆ ಹೊಸ ಹೆಲ್ಮೆಟ್ ಬೇಕು.